ಕರುಳಿನಲ್ಲುಳಿದ ಶೇಷ

ಕನ್ನಡದಲ್ಲಿ ಕರುಳೆಂಬ ಪದದಷ್ಟು ದುಡಿಯುವ ಪದಗಳು ಹೆಚ್ಚಿಲ್ಲ. ಅದು ಅನ್ನವನ್ನು ಅರಗಿಸುತ್ತದೆ. ಮಗುವಿನ ಅಳು ಕೇಳಿದರೆ ಚುರುಕ್ಕೆನ್ನುತ್ತದೆ. ಪರರ ಕಷ್ಟಕ್ಕೆ ಮರುಗುತ್ತದೆ. ಬಂಧುತ್ವವನ್ನು ಬಳ್ಳಿಯಾಗಿ ಹಬ್ಬಿಸುತ್ತದೆ. ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಈ ಪದದ ಅರ್ಥವಿಸ್ತಾರವನ್ನು ವಿವರಿಸುತ್ತ ಬಂದಿರುವ ನನಗೆ ಅದರ ಮೊದಲನೆಯ ಅರ್ಥವೇ ಸರಿಯಾಗಿ ತಿಳಿದಿರಲಿಲ್ಲವೆಂಬುದು ಮನದಟ್ಟಾದದ್ದು ೨೦೨೨ರ ಜನವರಿಯಲ್ಲಿ. ಅದನ್ನು ತಿಳಿಸಿಕೊಟ್ಟವಳು ನನ್ನ ಅಕ್ಕ.

ಅಕ್ಕ ನನಗಿಂತ ಹದಿಮೂರು ವರ್ಷ ಹಿರಿಯಳು. ತೀರ್ಥಹಳ್ಳಿಯ ಕಡೆಯ ಒಂದು ಊರಿನಲ್ಲಿ, ಅಡಕೆಯ ತೋಟದ ನಡುವಣ ಮನೆಯಲ್ಲಿ ಅವಳ ಸಂಸಾರ. ಹಿಂದಿನ ಮಳೆಗಾಲದಿಂದಲೇ ಅವಳಿಗೆ ಆಯಾಸ, ಮುಖ ಬಿಳಿಚಿಕೊಳ್ಳುವುದು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ವಯಸ್ಸಿನ ದೋಷವೆಂದು ಅವಳೂ ಸುಮ್ಮನಿದ್ದಳು, ನಾವೂ ಸುಮ್ಮನಿದ್ದೆವು. ಕೊನೆಗೆ ಪರೀಕ್ಷೆ ಮಾಡಿಸಿದಾಗ ದೊಡ್ಡ ಕರುಳಿನ ಬಲಭಾಗದಲ್ಲಿ ಒಂದು ಗೆಡ್ಡೆ ಕಂಡಿತು. ಚೂರು ತೆಗೆದು ನೋಡಿದಾಗ ಕ್ಯಾನ್ಸರ್ ಎಂದಾಯಿತು. ಬೇರೆಡೆಗೆ ಹರಡಿದಂತೆ ಕಾಣುವುದಿಲ್ಲ, ಆ ಭಾಗವನ್ನು ಕತ್ತರಿಸಿ ತೆಗೆದರೆ ಗುಣವಾಗುವ ಸಂಭವ ಹೆಚ್ಚು ಎಂದು ವೈದ್ಯರು ಧೈರ್ಯ ಹೇಳಿದರು. ಜನವರಿಯ ಕೊನೆಯ ವಾರದಲ್ಲಿ ದಿನವೂ ಗೊತ್ತಾಯಿತು. ಹಿಂದಿನ ದಿನ ಎಲ್ಲರಿಗೂ ಮಾಡುವಂತೆ ಮೂಗಿನಿಂದ ದ್ರವ ತೆಗೆದು ಪರೀಕ್ಷಿಸಿದರು. ಕೋವಿಡ್ ಇದೆಯೆಂದು ಬಂದಿತು. ಗಂಟಲ ಕೆರೆತವೊಂದನ್ನು ಬಿಟ್ಟರೆ ಅವಳಿಗೆ ಏನೂ ಆಗಿರಲಿಲ್ಲ. ಎರಡು ಸಲ ಲಸಿಕೆಯೂ ಆಗಿತ್ತು.

ಆಸ್ಪತ್ರೆಯವರು ಕೈಗೊಂದು ಚೀಟಿ ಕೊಟ್ಟು ಮನೆಗೆ ಕಳುಹಿಸಿದರು. 'ನೆಗೆಟಿವ್ ಆದ ಮೇಲೆ ಬರುವುದು' ಎಂದಷ್ಟೇ ಅದರಲ್ಲಿತ್ತು. ಎಷ್ಟು ದಿನಕ್ಕೆ, ಯಾರ ಬಳಿಗೆ, ಅಷ್ಟರೊಳಗೆ ಗೆಡ್ಡೆಯ ಗತಿಯೇನು ಎಂಬ ಮಾತಿರಲಿಲ್ಲ. ಹತ್ತು ದಿನ ಕಳೆದು ಮತ್ತೆ ಪರೀಕ್ಷೆ ಮಾಡಿಸಿದೆವು, ಇಲ್ಲವೆಂದು ಬಂದಿತು. ಇನ್ನೇನು ಹೊರಡೋಣವೆನ್ನುವಷ್ಟರಲ್ಲಿ ಭಾವನವರ ದೂರವಾಣಿಗೆ ಯಾರೋ ಒಂದು ಒಕ್ಕಣೆ ಕಳುಹಿಸಿದರು. ವೈರಸ್ಸು ಮೂಗಿನಿಂದ ಹೋದರೂ ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದಂತೆ; ಅಂಥ ಕರುಳಿಗೆ ಕತ್ತಿ ಹಾಕಿದರೆ ರಕ್ತಕ್ಕೆ ಇಳಿದು ಮೈಯೆಲ್ಲ ಹರಡುತ್ತದಂತೆ; ಕೊಯ್ಯುವ ಡಾಕ್ಟರಿಗೂ ಅಂಟುತ್ತದಂತೆ. ಭಾವನವರು ಓದಿ ಕಂಗೆಟ್ಟರು. "ಸಾಲ, ಬೆಂಕಿ, ಹಗೆ ಇವುಗಳಲ್ಲಿ ಶೇಷ ಉಳಿಸಬಾರದು ಅಂತ ಹಿರಿಯರು ಹೇಳಿದ್ದು ಸುಳ್ಳೇ? ಪೂರ್ತಿ ಹೋಗಲಿ, ಆಮೇಲೆ ನೋಡೋಣ. ಆರು ತಿಂಗಳಾದರೂ ಆಗಲಿ" ಎಂದರು. ಅಕ್ಕ ಮಾತ್ರ ನನ್ನ ಮುಖ ನೋಡಿ, "ಹಾಗಾದ್ರೆ ಅದು ಇನ್ನೂ ನನ್ನ ಹೊಟ್ಟೇಲಿ ಕೂತಿದೆಯೇನೋ?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ.

ನಮ್ಮ ಭಾಷೆಯ 'ಅಂತೆ' ಒಂದು ಸೊಗಸಾದ ಪ್ರತ್ಯಯ. ಹೇಳುವವನ ಹೊಣೆಯನ್ನು ಅದು ಹಗುರಾಗಿ ಕೆಳಗಿಳಿಸಿಬಿಡುತ್ತದೆ. ಕೇಳುವವನು ಮಾತ್ರ ಆ ಹೊರೆಯನ್ನು ಹೊತ್ತು ತಿರುಗಬೇಕು. ಮೂರು 'ಅಂತೆ'ಗಳನ್ನು ಹೊತ್ತು ನಾನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿಗೆ ಹೋದೆ. ಪಿಯುಸಿಯಲ್ಲಿ ನನ್ನ ಪಾಠ ಕೇಳಿದವನು, ಈಗ ಶಸ್ತ್ರವೈದ್ಯ. ಆತ ನಕ್ಕು ತಳ್ಳಿಹಾಕಲಿಲ್ಲ. "ಮೇಷ್ಟ್ರೇ, ಮೂರನ್ನೂ ಒಟ್ಟಿಗೆ ಕಟ್ಟಬೇಡಿ. ಬೇರೆ ಬೇರೆ ಮಾಡಿ ನೋಡೋಣ" ಎಂದ. ಪದ್ಯವನ್ನು ಅನ್ವಯ ಮಾಡುವಾಗ ನಾನು ಹೇಳುತ್ತಿದ್ದ ಮಾತನ್ನೇ ಆತ ನನಗೆ ಹಿಂದಿರುಗಿಸಿದಂತಿತ್ತು. ಅಂದು ಅವನಿಂದ ಕೇಳಿದ್ದನ್ನೂ ಆಮೇಲೆ ನಾನೇ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತಿದ್ದೇನೆ.

ಮೊದಲನೆಯ 'ಅಂತೆ' ನಿಜ. ಕೋವಿಡ್ ಉಸಿರಿನ ರೋಗವೆಂದು ನಾವು ತಿಳಿದಿದ್ದೇವೆ. ಆದರೆ ಆ ವೈರಸ್ಸು ಜೀವಕೋಶದೊಳಗೆ ನುಗ್ಗಬೇಕಾದರೆ ಕೋಶದ ಮೇಲೆ ಒಂದು ಬಗೆಯ ಪ್ರೋಟೀನು ಇರಬೇಕು. ಏಸ್-೨ ಎಂದು ಅದರ ಹೆಸರು. ಬಾಗಿಲಿಗೆ ಚಿಲಕವಿದ್ದಂತೆ ಅದು. ಈ ಚಿಲಕ ಶ್ವಾಸಕೋಶದಲ್ಲಿರುವುದಕ್ಕಿಂತ ಸಣ್ಣ ಕರುಳಿನ ಒಳಪದರದಲ್ಲಿ ಬಹಳ ಹೆಚ್ಚು. ವೈರಸ್ಸಿಗೆ ಬಾಗಿಲು ತೆರೆಯಲೆಂದು ಪ್ರಕೃತಿ ಅದನ್ನು ಅಲ್ಲಿಟ್ಟಿಲ್ಲ. ಉಂಡ ಆಹಾರದ ಸಾರವನ್ನು ಒಳಗೆಳೆದುಕೊಳ್ಳುವ ಕೆಲಸದಲ್ಲಿ ಅದೂ ಕೈಜೋಡಿಸುತ್ತದೆ. ಉಣ್ಣುವ ಬಾಗಿಲಿನಿಂದಲೇ ಕಳ್ಳನೂ ಒಳಹೊಕ್ಕ. ೨೦೨೦ರ ಮೇ ತಿಂಗಳಲ್ಲಿ ನೆದರ್‌ಲ್ಯಾಂಡಿನ ಉಟ್ರೆಕ್ಟ್ ಮತ್ತು ರಾಟರ್‌ಡ್ಯಾಮ್ ನಗರಗಳ ವಿಜ್ಞಾನಿಗಳು ಮನುಷ್ಯನ ಕರುಳಿನ ಪುಟ್ಟ ಪ್ರತಿರೂಪಗಳನ್ನು ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಸಿ, ಅವುಗಳಲ್ಲಿ ಈ ವೈರಸ್ಸು ಹೊಕ್ಕು ಮರಿಮಾಡುವುದನ್ನು ತೋರಿಸಿದರು.

ಅದಕ್ಕೂ ಮೊದಲೇ ಚೀನಾದ ಜುಹಾಯ್ ನಗರದ ವೈದ್ಯರು ಆಸ್ಪತ್ರೆಯಲ್ಲಿದ್ದ ೭೩ ರೋಗಿಗಳ ಮಲವನ್ನು ಪರೀಕ್ಷಿಸಿದ್ದರು. ೩೯ ಮಂದಿಯಲ್ಲಿ ವೈರಸ್ಸಿನ ಗುರುತು ಕಂಡಿತು. ೧೭ ಮಂದಿಯಲ್ಲಿ ಮೂಗು ಗಂಟಲುಗಳ ಪರೀಕ್ಷೆ ಶುದ್ಧವೆಂದು ಬಂದ ಮೇಲೂ ಕಾಣುತ್ತಲೇ ಇತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ೨೦೨೨ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ರೋಗ ತಗುಲಿದ ಮೊದಲ ವಾರದಲ್ಲಿ ಸುಮಾರು ಅರ್ಧದಷ್ಟು ಜನರ ಮಲದಲ್ಲಿ ಈ ಗುರುತಿತ್ತು. ನಾಲ್ಕು ತಿಂಗಳಾದ ಮೇಲೆ ಶೇಕಡ ೧೨.೭ ಮಂದಿಯಲ್ಲಿ, ಏಳು ತಿಂಗಳಾದ ಮೇಲೆ ಶೇಕಡ ೩.೮ ಮಂದಿಯಲ್ಲಿ ಉಳಿದಿತ್ತು. ಅಕ್ಕನ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಇದು: ಇದ್ದರೂ ಇರಬಹುದು.

ಆದರೆ ಇರುವುದೇನು? ಇಲ್ಲಿ ನಾವು ಕನ್ನಡದವರು ಪದಗಳ ವಿಷಯದಲ್ಲಿ ತೋರುವ ಎಚ್ಚರವನ್ನೇ ತೋರಬೇಕು. ಪರೀಕ್ಷೆಯಲ್ಲಿ ಸಿಕ್ಕುವುದು ವೈರಸ್ಸಿನ ಆರ್‌ಎನ್‌ಎ, ಎಂದರೆ ಅದರ ವಂಶಲಿಪಿಯ ತುಣುಕು. ಇಲ್ಲವೆ ಅದರ ಪ್ರೋಟೀನಿನ ಚೂರು. ತುಣುಕು ಸಿಕ್ಕಿತೆಂದರೆ ಜೀವಂತ ವೈರಸ್ಸು ಸಿಕ್ಕಿತೆಂದಲ್ಲ. ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರದಲ್ಲಿ, ಕರುಳಿನ ಉರಿಯೂತದಿಂದ ಮೊದಲೇ ನರಳುತ್ತಿದ್ದ ೪೬ ರೋಗಿಗಳನ್ನು ಕೋವಿಡ್ ಬಂದು ಸುಮಾರು ಏಳು ತಿಂಗಳಾದ ಮೇಲೆ ಪರೀಕ್ಷಿಸಿದರು. ೩೨ ಮಂದಿಯ ಕರುಳಿನ ಒಳಪೊರೆಯಲ್ಲಿ ಆರ್‌ಎನ್‌ಎ ಇತ್ತು. ಆದರೆ ಆ ಅಂಗಾಂಶದಿಂದ ವೈರಸ್ಸನ್ನು ಬೆಳೆಸಲು ಮಾಡಿದ ಪ್ರಯತ್ನ ಫಲಿಸಲಿಲ್ಲ.

ಇದನ್ನು ಊರಿಗೆ ಹೋಗಿ ಅಕ್ಕನಿಗೆ ಹೇಗೆ ವಿವರಿಸಲಿ ಎಂದು ತಡವರಿಸುತ್ತಿದ್ದಾಗ ಅವಳೇ ದಾರಿ ತೋರಿಸಿದಳು. "ಸೌದೆ ಕೊಟ್ಟಿಗೇಲಿ ಹಾವಿನ ಪೊರೆ ಸಿಕ್ಕಿದ ಹಾಗೆ ಅನ್ನು" ಎಂದಳು. ತುಸು ಯೋಚಿಸಿ, "ಪೊರೆ ಕಚ್ಚೋದಿಲ್ಲ. ಆದ್ರೆ ಹಸಿ ಪೊರೆಯಾದ್ರೆ ಹಾವು ಹತ್ತಿರದಲ್ಲೇ ಇರ್ತದೆ, ಒಣಗಿ ಪುಡಿಯಾಗಿದ್ರೆ ಅದು ಹೋಗಿ ಎಷ್ಟೋ ದಿನ ಆಗಿರ್ತದೆ" ಎಂದೂ ಸೇರಿಸಿದಳು. ವಿಜ್ಞಾನಿಗಳು ಇಂದಿಗೂ ಜಿಜ್ಞಾಸೆ ನಡೆಸುತ್ತಿರುವುದು ಈ ಹಸಿ ಒಣಗುಗಳ ವಿಷಯವಾಗಿಯೇ. ಉಳಿದ ಚೂರುಗಳಿಗೂ ತಿಂಗಳುಗಟ್ಟಲೆ ಬಿಡದ ಆಯಾಸ, ಹೊಟ್ಟೆಯ ತೊಂದರೆಗಳಿಗೂ ನಂಟಿರಬಹುದೆಂಬ ಸಂಶಯ ಬಲವಾಗಿದೆ. ಇನ್ಸ್‌ಬ್ರುಕ್ಕಿನವರೂ ಅಂಥ ನಂಟನ್ನು ಕಂಡರು. ಆದ್ದರಿಂದ ಶೇಷವೆಲ್ಲವೂ ನಿರುಪದ್ರವಿಯೆಂದು ಹೇಳುವಂತಿಲ್ಲ.

ಶೇಷವೆಲ್ಲವೂ ಹಗೆಯೆಂದೂ ಹೇಳುವಂತಿಲ್ಲ. ನ್ಯೂಯಾರ್ಕಿನ ವಿಜ್ಞಾನಿಗಳು ೨೦೨೧ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನ್ನನ್ನು ಬಹಳ ಕಾಲ ಕಾಡಿತು. ಕೋವಿಡ್ ಬಂದು ನಾಲ್ಕು ತಿಂಗಳಾಗಿದ್ದ ೧೪ ಮಂದಿಯ ಕರುಳಿನಿಂದ ಚೂರು ತೆಗೆದು ನೋಡಿದಾಗ ೭ ಮಂದಿಯಲ್ಲಿ ವೈರಸ್ಸಿನ ಕುರುಹು ಇತ್ತು. ಅದೇ ಅಧ್ಯಯನದಲ್ಲಿ, ಚೇತರಿಸಿಕೊಂಡವರ ರೋಗನಿರೋಧಕ ಕೋಶಗಳು ತಿಂಗಳುಗಳು ಕಳೆದಂತೆ ಇನ್ನೂ ಹರಿತವಾದ ಪ್ರತಿಕಾಯಗಳನ್ನು ರೂಪಿಸಲು ಕಲಿಯುತ್ತಿದ್ದವೆಂದೂ ಕಂಡುಬಂತು. ಕರುಳಿನಲ್ಲಿ ಉಳಿದ ಚೂರುಗಳೇ ಈ ಕಲಿಕೆಯನ್ನು ಮುಂದುವರಿಸುತ್ತಿರಬಹುದೆಂದು ಆ ವಿಜ್ಞಾನಿಗಳು ಊಹಿಸಿದರು. ಪಾಠ ಮುಗಿಸಿ ಮೇಷ್ಟರು ಹೊರಟುಹೋದ ಮೇಲೆ ಹಲಗೆಯ ಮೇಲೆ ಉಳಿದ ಅಕ್ಷರಗಳನ್ನು ನೋಡಿ ಹುಡುಗರು ತಿದ್ದಿಕೊಳ್ಳುವುದಿಲ್ಲವೆ, ಹಾಗೆ.

ಇನ್ನು ಎರಡನೆಯ 'ಅಂತೆ'. ಸೋಂಕಿರುವ ಮೈಗೆ ಕತ್ತಿ ಹಾಕಿದರೆ ಅಪಾಯವೆಂಬ ಭಯ ಬುಡವಿಲ್ಲದ್ದಲ್ಲ. ಇತಿಹಾಸದಲ್ಲಿ ಅದಕ್ಕೆ ಘೋರವಾದ ಒಂದು ನಿದರ್ಶನವಿದೆ. ೧೯೪೧ರಲ್ಲಿ ಅಮೆರಿಕದ ಓಹಾಯೋ ಸಂಸ್ಥಾನದ ಆಕ್ರನ್ ಊರಿನ ಒಂದು ಮನೆಯಲ್ಲಿ ಆರು ಮಕ್ಕಳಿದ್ದರು. ಬೇಸಗೆಯಲ್ಲಿ ಐವರು ಮಕ್ಕಳಿಗೆ ಗಂಟಲಿನ ಟಾನ್ಸಿಲ್ ಗ್ರಂಥಿಗಳನ್ನು ತೆಗೆಸಿದರು. ಆ ಕಾಲಕ್ಕೆ ಅದು ತೀರ ಸಾಧಾರಣವಾದ ಚಿಕಿತ್ಸೆ. ಸ್ವಲ್ಪ ದಿನಗಳಲ್ಲೇ ಆ ಐವರಿಗೂ ಪೋಲಿಯೋ ಬಡಿಯಿತು. ಅದೂ ಉಸಿರು ನುಂಗುಗಳನ್ನೇ ನಿಲ್ಲಿಸುವ ಭೀಕರ ಬಗೆಯದು. ಮೂವರು ತೀರಿಕೊಂಡರು. ಪೋಲಿಯೋ ವೈರಸ್ಸೂ ಗಂಟಲಿನಲ್ಲಿ, ಕರುಳಿನಲ್ಲಿ ಮನೆಮಾಡುವಂಥದೇ. ಬಹುಮಂದಿಯಲ್ಲಿ ಯಾವ ಲಕ್ಷಣವನ್ನೂ ತೋರದೆ ಬಂದು ಹೋಗುತ್ತದೆ. ಇಂಥ ಪ್ರಸಂಗಗಳನ್ನು ಕಂಡ ಮೇಲೆ ಪೋಲಿಯೋ ಹಬ್ಬುವ ತಿಂಗಳುಗಳಲ್ಲಿ ಟಾನ್ಸಿಲ್ ತೆಗೆಯಬಾರದೆಂಬ ಎಚ್ಚರ ವೈದ್ಯರಲ್ಲಿ ಬೆಳೆಯಿತು. ಆ ಗ್ರಂಥಿಗಳನ್ನು ತೆಗೆದ ಮೇಲೆ ಗಂಟಲಿನ ಪೋಲಿಯೋ ಪ್ರತಿಕಾಯಗಳು ಕುಗ್ಗುತ್ತವೆಂದು ಓಗ್ರಾ ಎಂಬ ವಿಜ್ಞಾನಿ ೧೯೭೧ರಲ್ಲಿ ತೋರಿಸಿದರು. ಆದರೆ ಒಂದು ವೈರಸ್ಸಿನ ಕಥೆ ಇನ್ನೊಂದಕ್ಕೆ ತಾನಾಗಿಯೇ ಸಲ್ಲುವುದಿಲ್ಲ. ಪ್ರತಿಯೊಂದನ್ನೂ ಅಳೆದು ನೋಡಬೇಕು.

ಕೋವಿಡ್ಡಿನ ವಿಷಯದಲ್ಲಿ ಹಾಗೆ ಅಳೆದು ನೋಡಿದರು. ೨೦೨೦ರ ಮೊದಲ ತಿಂಗಳುಗಳಲ್ಲಿ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಸೋಂಕು ತಗುಲಿದ್ದ ೧,೧೨೮ ರೋಗಿಗಳನ್ನು ೨೪ ದೇಶಗಳಲ್ಲಿ ಲೆಕ್ಕ ಹಾಕಿದಾಗ, ಮೂವತ್ತು ದಿನಗಳೊಳಗೆ ಶೇಕಡ ೨೩.೮ ಮಂದಿ ಸತ್ತಿದ್ದರು. ವೈದ್ಯಲೋಕ ಬೆಚ್ಚಿತು. ಹಾಗಾದರೆ ಎಷ್ಟು ಕಾಲ ಕಾಯಬೇಕು? ೨೦೨೦ರ ಅಕ್ಟೋಬರಿನಲ್ಲಿ ೧೧೬ ದೇಶಗಳ ಶಸ್ತ್ರವೈದ್ಯರು ಒಟ್ಟುಗೂಡಿ ೧,೪೦,೨೩೧ ರೋಗಿಗಳ ವಿವರ ಸಂಗ್ರಹಿಸಿದರು. ಎಂದೂ ಸೋಂಕು ತಗುಲದವರಲ್ಲಿ ಮೂವತ್ತು ದಿನಗಳ ಮರಣ ಶೇಕಡ ೧.೫. ಸೋಂಕು ತಗುಲಿ ಎರಡು ವಾರದೊಳಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇಕಡ ೪.೧, ಮೂರು ನಾಲ್ಕನೆಯ ವಾರದಲ್ಲಿ ೩.೯, ಐದು ಆರನೆಯ ವಾರದಲ್ಲಿ ೩.೬. ಏಳು ವಾರ ತುಂಬಿದ ಮೇಲೆ ಮತ್ತೆ ೧.೫. 'ಏಳು ವಾರ ಕಾಯಿರಿ' ಎಂಬ ನಿಯಮ ಹುಟ್ಟಿದ್ದು ಹೀಗೆ. ಆದರೆ ಏಳು ವಾರ ಕಳೆದರೂ ಕೆಮ್ಮು, ಏದುಸಿರು ಮುಂತಾದ ಲಕ್ಷಣಗಳು ಹೋಗದಿದ್ದವರಲ್ಲಿ ಮರಣ ಶೇಕಡ ೬ರಷ್ಟಿತ್ತು.

ಈ ಅಂಕಿಗಳನ್ನು ಮೊದಲನೆಯ 'ಅಂತೆ'ಯ ಪಕ್ಕದಲ್ಲಿಟ್ಟು ನೋಡಬೇಕು. ಕರುಳಿನ ಕುರುಹು ಕೆಲವರಲ್ಲಿ ಏಳು ತಿಂಗಳವರೆಗೆ ಉಳಿಯುತ್ತದೆ. ಶಸ್ತ್ರಚಿಕಿತ್ಸೆಯ ಅಪಾಯವಾದರೋ ಏಳು ವಾರಕ್ಕೆ ಇಳಿದುಹೋಗುತ್ತದೆ. ಎರಡೂ ಒಂದೇ ಗಡಿಯಾರದಂತೆ ನಡೆಯುತ್ತಿಲ್ಲ. ಸೋಂಕಿನ ಬೆನ್ನಲ್ಲೇ ಶಸ್ತ್ರಚಿಕಿತ್ಸೆಯಾದವರನ್ನು ಹೆಚ್ಚಾಗಿ ಕಾಡಿದ್ದು ಶ್ವಾಸಕೋಶದ ತೊಡಕುಗಳು ಮತ್ತು ರಕ್ತ ಹೆಪ್ಪುಗಟ್ಟುವ ತೊಂದರೆ. "ಕರುಳಿನಲ್ಲಿ ವೈರಸ್ಸು ಅಡಗಿ ಕೂತಿದೆ ಅನ್ನೋದಕ್ಕಲ್ಲ ಮೇಷ್ಟ್ರೇ ನಾವು ಕಾಯೋದು. ಸೋಂಕು ಮಾಡಿದ ಗಾಯದಿಂದ ಮೈ ಏಳಲಿ ಅಂತ ಕಾಯೋದು" ಎಂದು ಶಿಷ್ಯ ಹೇಳಿದ.

ಅವನ ಮಾತಿನ ಇನ್ನೊಂದು ಭಾಗ ಅದಕ್ಕಿಂತ ಕಹಿಯಾಗಿತ್ತು. ಕಾಯುವುದಕ್ಕೂ ಬೆಲೆಯಿದೆ. ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಸಂಭವ ಇದ್ದದ್ದಕ್ಕಿಂತ ಶೇಕಡ ೬ರಿಂದ ೮ರಷ್ಟು ಏರುತ್ತದೆಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೨೦ರಲ್ಲಿ ಲೆಕ್ಕ ಹಾಕಿದ್ದಾರೆ. ಭಾವನವರು ಹೇಳಿದಂತೆ ಆರು ತಿಂಗಳು ಕಾದರೆ? ಶಿಷ್ಯ ಮೇಜಿನ ಮೇಲಿದ್ದ ಪೆನ್ನನ್ನು ಎರಡು ಸಲ ತಿರುಗಿಸಿ ಇಟ್ಟ, ಉತ್ತರ ಕೊಡಲಿಲ್ಲ. ಆಮೇಲೆ ತನ್ನ ಲೆಕ್ಕವನ್ನು ಬಿಡಿಸಿ ಹೇಳಿದ. ಏಳು ವಾರದ ನಿಯಮ ಲಸಿಕೆ ಬರುವುದಕ್ಕೆ ಮುಂಚಿನ ಕಾಲದ ಅಂಕಿಗಳಿಂದ ಬಂದದ್ದು. ಅಕ್ಕನಿಗೆ ಲಸಿಕೆ ಆಗಿದೆ, ಸೋಂಕು ಹಗುರಾಗಿತ್ತು, ಶ್ವಾಸಕೋಶ ಚೆನ್ನಾಗಿದೆ. ನಾಳೆಯೇ ಬೇಡ; ಏಳು ವಾರವೂ ಬೇಡ. ನಾಲ್ಕು ವಾರ ತುಂಬಲಿ. "ಇದು ನನ್ನ ತೂಕ. ತಕ್ಕಡಿಯಲ್ಲಿ ಎರಡು ಕಡೆಯೂ ಭಾರ ಇದೆ. ಅಕ್ಕನಿಗೂ ಭಾವನವರಿಗೂ ಎರಡನ್ನೂ ಹೇಳಿ, ಅವರೇ ಒಪ್ಪಲಿ" ಎಂದ.

ಮೂರನೆಯ 'ಅಂತೆ' ಅವನಿಗೇ ಸಂಬಂಧಿಸಿದ್ದು. ಕೇಳಲು ನನಗೆ ಸಂಕೋಚವಾಯಿತು, ಆತನೇ ಹೇಳಿದ. ೨೦೨೦ರ ವಸಂತದಲ್ಲಿ ಇಟಲಿಯ ಪೀಸಾ ನಗರದ ವೈದ್ಯರು ರೋಗಿಯೊಬ್ಬನ ಹೊಟ್ಟೆಯೊಳಗಿನ ದ್ರವದಲ್ಲಿ ಈ ವೈರಸ್ಸಿನ ಕುರುಹು ಕಂಡರು. ಶಸ್ತ್ರವೈದ್ಯರು ವಿದ್ಯುತ್ ಉಪಕರಣದಿಂದ ಅಂಗಾಂಶವನ್ನು ಸುಟ್ಟು ಕತ್ತರಿಸುವಾಗ ಹೊಗೆ ಏಳುತ್ತದೆ. ಬೇರೆ ಕೆಲವು ವೈರಸ್ಸುಗಳ ಕುರುಹು ಅಂಥ ಹೊಗೆಯಲ್ಲಿ ಹಿಂದೆ ಸಿಕ್ಕಿದ್ದುಂಟು. ಹೀಗಾಗಿ ಸಣ್ಣ ರಂಧ್ರಗಳಿಂದ ನಳಿಕೆ ತೂರಿಸಿ, ಹೊಟ್ಟೆಯನ್ನು ಅನಿಲದಿಂದ ಉಬ್ಬಿಸಿ ಮಾಡುವ ಚಿಕಿತ್ಸೆಯನ್ನೇ ಸದ್ಯಕ್ಕೆ ಬಿಡುವುದು ಲೇಸೆಂದು ಬ್ರಿಟನ್ನಿನ ಶಸ್ತ್ರವೈದ್ಯರ ಸಂಸ್ಥೆಗಳು ಮೊದಲು ಸಲಹೆ ಕೊಟ್ಟವು. ಆಮೇಲೆ ಹೊಟ್ಟೆಯ ದ್ರವವನ್ನು ಪರೀಕ್ಷಿಸಿದ ಹಲವು ಕಡೆ ಏನೂ ಸಿಕ್ಕಲಿಲ್ಲ. ಹೊಗೆಯ ಮೂಲಕ ಕೋವಿಡ್ ದಾಟಿತೆಂಬುದಕ್ಕೆ ಖಚಿತವಾದ ಸಾಕ್ಷ್ಯವೂ ದೊರೆಯಲಿಲ್ಲ. ಹೊಗೆಯನ್ನು ಸೋಸಿ ಹೊರಬಿಡುವ ಸಾಧನ, ಒಳ್ಳೆಯ ಮುಖಗವಸು, ಗಾಳಿಯಾಡುವ ಕೊಠಡಿ ಇವುಗಳೊಂದಿಗೆ ಆ ಚಿಕಿತ್ಸೆ ಮತ್ತೆ ರೂಢಿಗೆ ಬಂತು. "ಭಯ ಆಗಲಿಲ್ಲವೇನಪ್ಪಾ?" ಎಂದೆ. "ಆಯ್ತು ಮೇಷ್ಟ್ರೇ. ಮೊದಲ ವರ್ಷ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಲಿಲ್ಲ" ಎಂದ. ಮೂರು 'ಅಂತೆ'ಗಳ ಆಚೆಗೆ ಒಬ್ಬ ಮನುಷ್ಯನಿದ್ದಾನೆಂಬುದು ನನಗೆ ಆಗ ಹೊಳೆಯಿತು.

ಅಕ್ಕ ಒಪ್ಪಿದಳು. ಭಾವನವರು ಒಂದು ರಾತ್ರಿ ಯೋಚಿಸಿ ಒಪ್ಪಿದರು. ಉಳಿದ ದಿನಗಳನ್ನು ಕೈಕಟ್ಟಿ ಕಳೆಯಲಿಲ್ಲ. ಕುಗ್ಗಿದ್ದ ರಕ್ತವನ್ನು ಏರಿಸಲು ಕಬ್ಬಿಣಾಂಶದ ಔಷಧವನ್ನು ನರಕ್ಕೆ ಕೊಟ್ಟರು. ಉಸಿರಿನ ಅಭ್ಯಾಸ ಕಲಿಸಿದರು. ದಿನವೂ ಅಂಗಳದಿಂದ ತೋಟದ ಕೊನೆಯವರೆಗೆ ಎರಡು ಸಲ ನಡೆದು ಬರಬೇಕೆಂದರು. ಅಕ್ಕ ಮೂರನೆಯ ಸಲವೂ ನಡೆದಳು. ಸೋಂಕು ತಗುಲಿದ ಮೂವತ್ತೊಂದನೆಯ ದಿನ ಶಸ್ತ್ರಚಿಕಿತ್ಸೆ ನಡೆಯಿತು. ರಕ್ತ ಹೆಪ್ಪುಗಟ್ಟದಂತೆ ಸೂಜಿಮದ್ದು ಕೊಟ್ಟು, ಮರುದಿನವೇ ಎಬ್ಬಿಸಿ ನಡೆಸಿದರು. ಏಳನೆಯ ದಿನ ಮನೆಗೆ ಬಂದಳು.

ಅಲ್ಲಿಂದೀಚೆಗೆ ನಿಯಮಗಳು ಬದಲಾದವು. ೨೦೨೩ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಸ್ಥೆಗಳು ತುರ್ತಲ್ಲದ ಶಸ್ತ್ರಚಿಕಿತ್ಸೆಯನ್ನು ಮೊದಲ ಎರಡು ವಾರ ಮುಂದೂಡಬೇಕೆಂದೂ, ಎರಡರಿಂದ ಏಳನೆಯ ವಾರದವರೆಗೆ ರೋಗಿಯ ಸ್ಥಿತಿಯನ್ನು ತೂಗಿ ತೀರ್ಮಾನಿಸಬೇಕೆಂದೂ ಹೇಳಿದವು. ೨೦೨೪ರಲ್ಲಿ ಚೀನಾದಿಂದ ಮತ್ತೊಂದು ಅಧ್ಯಯನ ಹೊರಬಂತು. ಹಗುರವಾದ ಕೋವಿಡ್ ಬಂದುಹೋದವರಿಂದ ಪಡೆದ ಜಠರ, ಕರುಳು, ಯಕೃತ್ತು ಮೊದಲಾದ ಅಂಗಾಂಶಗಳನ್ನು ಅದರಲ್ಲಿ ಪರೀಕ್ಷಿಸಿದ್ದರು. ಒಂದು ತಿಂಗಳಿಗೆ ೫೩ರಲ್ಲಿ ೧೬, ಎರಡು ತಿಂಗಳಿಗೆ ೧೪೧ರಲ್ಲಿ ೩೮, ನಾಲ್ಕು ತಿಂಗಳಿಗೆ ೬೬ರಲ್ಲಿ ೭ ಮಾದರಿಗಳಲ್ಲಿ ವೈರಸ್ಸಿನ ಆರ್‌ಎನ್‌ಎ ಇತ್ತು. ಪೊರೆ ಇನ್ನೂ ಸಿಕ್ಕುತ್ತಲೇ ಇದೆ. ತಿಂಗಳು ಕಳೆದಂತೆ ಕಡಮೆಯಾಗುತ್ತಲೂ ಇದೆ.

ಅಕ್ಕನ ಕರುಳಿನಲ್ಲಿ ಅಂದು ಆ ಕುರುಹು ಇತ್ತೋ ಇಲ್ಲವೋ, ಯಾರೂ ಪರೀಕ್ಷಿಸಲಿಲ್ಲ. ಪರೀಕ್ಷಿಸುವ ಅಗತ್ಯವೂ ಇರಲಿಲ್ಲ. ಕತ್ತರಿಸಿ ತೆಗೆದ ಭಾಗವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅವರು ಹುಡುಕಿದ್ದು ಬೇರೊಂದನ್ನು. ಎರಡು ವಾರದ ಮೇಲೆ ಬಂದ ವರದಿಯನ್ನು ನಾನೇ ಅಂಗಳದಲ್ಲಿ ನಿಂತು ಓದಿ ಹೇಳಿದೆ: ಕತ್ತರಿಸಿದ ಎರಡು ಅಂಚುಗಳಲ್ಲಿಯೂ ಗೆಡ್ಡೆಯ ಶೇಷವಿಲ್ಲ. ಭಾವನವರು ಆ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡರು. ಉಳಿಸಬಾರದ ಶೇಷ ಯಾವುದು, ಉಳಿದರೆ ಉಳಿಯಲೆಂದು ಬಿಡಬಹುದಾದದ್ದು ಯಾವುದು ಎಂಬ ವಿವೇಕವನ್ನು ಹಿರಿಯರ ಆ ಮಾತಿಗೆ ನಾವು ಸೇರಿಸಿಕೊಳ್ಳಬೇಕಾಗಿತ್ತು, ಅಷ್ಟೆ.

ಅಕ್ಕ ತಪಾಸಣೆಗೆಂದು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಒಂದು ರಾತ್ರಿ ಉಳಿಯುತ್ತಾಳೆ. ಹೋದ ಸಲ ಬರುವಾಗ ಶಿಷ್ಯನ ಮಗುವಿಗೆಂದು ಒಂದು ಡಬ್ಬಿಯ ತುಂಬ ಕೋಡುಬಳೆ ತಂದಿದ್ದಳು.